ಒಣಗುವ ಎಣ್ಣೆ, ಒಣಗದ ಎಣ್ಣೆ: ಐದು ಕೃತಿ ಕಟ್ಟಿದ ಕೆಲಸದ ಲೆಕ್ಕ

ಎಣ್ಣೆಯನ್ನೇ ವಸ್ತುವಾಗಿಟ್ಟುಕೊಂಡು ಊರಿನವರೆಲ್ಲ ಸೇರಿ ಕಲಾಕೃತಿ ಮಾಡಲು ಹೊರಟರೆ ಕೊಡಗಿನಲ್ಲಿ ವಿಷಯಕ್ಕೆ ಬರವಿಲ್ಲ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯ (ಕೊಡವರ ಕುಲದ ಮನೆಯ ನಡುಕೋಣೆಯ) ತೂಕ್ ಬೊಳ್ಚಕ್ಕೆ (ತೂಗುದೀಪಕ್ಕೆ) ಎಣ್ಣೆ ಬೇಕು. ಕೈಲ್‌ಪೊಳ್ದ್‌ಗೆ (ಆಯುಧಪೂಜೆಯ ಹಬ್ಬಕ್ಕೆ) ಕೋವಿ, ಒಡಿಕತ್ತಿ ಒರೆಸಿ ಇಡಲು ಎಣ್ಣೆ ಬೇಕು. ಜೀಪಿನ ಹೊಟ್ಟೆಯಿಂದ ಇಳಿಯುವ ಕರಿ ಎಣ್ಣೆ ಇದೆ, ಕಳೆ ಕೊಚ್ಚುವ ಮೆಷಿನ್ನಿಗೆ ಪೆಟ್ರೋಲಿನ ಜತೆ ಬೆರೆಸುವ ಟೂ-ಟಿ ಇದೆ, ಬೇಲಿಗೂಟಕ್ಕೆ ಬಳಿಯುವ ಸುಟ್ಟೆಣ್ಣೆ ಇದೆ. ಸಂಜೆಯ ಮೇಲೆ ಬರೀ ‘ಎಣ್ಣೆ’ ಎಂದರೆ ಯಾವುದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಮಾತಿನಲ್ಲಿ ಎಣ್ಣೆ-ಸೀಗೆಕಾಯಿ ಇದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೂ ಇದೆ.

ಇಷ್ಟೆಲ್ಲ ಅರ್ಥಗಳನ್ನು ಗೋಡೆಗೆ ಅಂಟಿಸುವುದು ಸುಲಭ. ವಸ್ತುವಾಗಿ ಕೈಗೆತ್ತಿಕೊಂಡಾಗ ಮಾತ್ರ ಎಣ್ಣೆ ತನ್ನದೇ ಒಂದು ಪ್ರಶ್ನೆ ಕೇಳುತ್ತದೆ: ನಾನು ಒಣಗುವವನೋ, ಒಣಗದವನೋ? ಇದಕ್ಕೆ ಉತ್ತರ ಗೊತ್ತಿಲ್ಲದೆ ಆಕಾರ, ಅಳತೆ, ಚೌಕಟ್ಟು ಯಾವುದನ್ನೂ ಗೊತ್ತುಮಾಡಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಪೊರೆಯಾಗಿ ಗಟ್ಟಿಯಾಗುತ್ತದೆ. ನೀರಿನ ಹಾಗೆ ಆರಿ ಹೋಗುವುದಿಲ್ಲ, ಒಣಗುವಾಗ ಅದರ ತೂಕ ಕಡಿಮೆಯಾಗುವ ಬದಲು ತುಸು ಏರುತ್ತದೆ. ಕೊಬ್ಬರಿ ಎಣ್ಣೆ ನೂರು ದಿನ ಬಿಟ್ಟರೂ ಒದ್ದೆಯೇ. ಇದನ್ನು ಅಳೆಯಲು ಅಯೋಡಿನ್ ಮೌಲ್ಯ ಎಂಬ ಲೆಕ್ಕವಿದೆ. ಅಗಸೆಗೆ 170ಕ್ಕೂ ಮೇಲೆ, ಎಳ್ಳಿಗೆ 110ರ ಆಸುಪಾಸು, ಹರಳಿಗೆ 85ರ ಸುತ್ತ, ತೆಂಗಿಗೆ 10ರ ಹತ್ತಿರ. 130 ದಾಟಿದರೆ ಒಣಗುವ ಎಣ್ಣೆ ಎಂದು ಹಿಡಿಯಬಹುದು. ಎಂಜಿನ್ ಆಯಿಲ್ ಬೀಜದ ಎಣ್ಣೆಯೇ ಅಲ್ಲ, ಅದು ಒಣಗುವ ಮಾತೇ ಇಲ್ಲ.

ಕೆಲಸ ನಡೆದದ್ದು ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಕಾಫಿ ಕೊಯ್ಲಿನ ಸಂಜೆಗಳಲ್ಲಿ. ಕಾಲ ಬೇಕೆಂದೇ ಆರಿಸಿದ್ದು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಮಡಿಕೇರಿ ಕಡೆ ಜುಲೈನಲ್ಲಿ ಅಗಸೆ ಎಣ್ಣೆ ಒಣಗಿಸುತ್ತೇನೆ ಎನ್ನುವವರು ಬೂಷ್ಟು ಬೆಳೆಸಲು ತಯಾರಾಗಿರಬೇಕು.

ಐದು ಎಣ್ಣೆಯ ತೂಗುದೀಪ

ಮೊದಲ ಕೃತಿ ಒಂದು ಹಲಸಿನ ತೊಲೆ, ಅದಕ್ಕೆ ಐದು ದೀಪ. ತೊಲೆಯ ಉದ್ದ 150 ಸೆಂ.ಮೀ., ಅಗಲ 7.5, ದಪ್ಪ 5. ತುದಿಯಿಂದ 15 ಸೆಂ.ಮೀ. ಬಿಟ್ಟು, ಅಲ್ಲಿಂದ ಪ್ರತಿ 30 ಸೆಂ.ಮೀ.ಗೆ ಒಂದು ಕೊಕ್ಕೆ. ಸರಪಳಿ 60 ಸೆಂ.ಮೀ., ಜ್ವಾಲೆಗೂ ಮರಕ್ಕೂ ಅಷ್ಟು ದೂರ ಇರಲೇಬೇಕು. ಎಡದಿಂದ ಬಲಕ್ಕೆ ಕೊಬ್ಬರಿ, ಎಳ್ಳು, ಹರಳು, ಹೊಂಗೆ, ಹಿಪ್ಪೆ. ಅಂಗಡಿಯಲ್ಲಿ ಸಿಗುವ ‘ದೀಪದ ಎಣ್ಣೆ’ ಮಿಶ್ರಣ ಇಲ್ಲಿಗೆ ಬೇಡ. ಯಾವುದು ಹೇಗೆ ಉರಿಯುತ್ತದೆ ಎಂದು ನೋಡುವುದೇ ಇಲ್ಲಿನ ಕೆಲಸ, ಬೆರೆಸಿಬಿಟ್ಟರೆ ಎಲ್ಲವೂ ಒಂದೇ ಮುಖ.

ಐದಕ್ಕೂ ಮಣ್ಣಿನ ಹಣತೆ ಎಂದು ಲೆಕ್ಕ ಹಾಕಿದ್ದು ಮೊದಲ ವಾರದಲ್ಲೇ ಎರಡು ಕಡೆ ಕೆಟ್ಟಿತು.

ಒಂದನೆಯದು, ಸುಟ್ಟ ಮಣ್ಣು ಎಣ್ಣೆ ಕುಡಿಯುತ್ತದೆ. ಸಂಜೆ ತುಂಬಿದ 30 ಮಿ.ಲೀ. ಬೆಳಗ್ಗೆಗೆ ಅರ್ಧ, ಹಣತೆಯ ತಳದಲ್ಲಿ ಬೆವರು, ನೆಲದ ಮೇಲೆ ಕಲೆ. ನೀರಿನಲ್ಲಿ ನೆನೆಸಿಟ್ಟರೆ ಒಂದು ರಾತ್ರಿಯ ಮಟ್ಟಿಗೆ ತಡೆಯುತ್ತದೆ, ನೀರು ಆರಿದ ಮೇಲೆ ಮತ್ತೆ ಅದೇ ಕತೆ. ಹೊಸ ಮಡಕೆ ಪಳಗಿಸುವ ಕ್ರಮವೇ ಇಲ್ಲಿ ಕೆಲಸಕ್ಕೆ ಬಂತು. ಗಟ್ಟಿ ಅಕ್ಕಿ ಗಂಜಿಯಲ್ಲಿ ಹಣತೆಗಳನ್ನು ಮುಳುಗಿಸಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ, ಅದರಲ್ಲೇ ತಣಿಯಲು ಬಿಟ್ಟು, ಒರೆಸಿ ಮೂರು ದಿನ ಬಿಸಿಲಿಗೆ. ಅದರ ಮೇಲೆ ಒಳಭಾಗಕ್ಕೆ ಮಾತ್ರ ಅಗಸೆ ಎಣ್ಣೆಯ ಎರಡು ತೆಳು ಕೋಟು, ಒಂದೊಂದಕ್ಕೂ ಮೂರು ದಿನದ ಅಂತರ. ಗಂಜಿ ದೊಡ್ಡ ರಂಧ್ರ ಮುಚ್ಚುತ್ತದೆ, ಒಣಗಿದ ಅಗಸೆ ಸಣ್ಣದನ್ನು. ಒಣಗುವ ಎಣ್ಣೆ ಒಣಗದ ಎಣ್ಣೆಗೆ ಪಾತ್ರೆಯಾಗುವುದು ಹೀಗೆ.

ಎರಡನೆಯದು ಚಳಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಹಿಪ್ಪೆ ಎಣ್ಣೆಯೂ ಚಳಿಗೆ ಬೆಣ್ಣೆಯ ಹಾಗಾಗುತ್ತದೆ. ಜನವರಿಯ ರಾತ್ರಿ ಹತ್ತಿಸಿದ ದೀಪ ಬತ್ತಿಯಲ್ಲಿದ್ದ ಎಣ್ಣೆಯಷ್ಟನ್ನು ಉರಿಸಿ ಆರಿಹೋಗುತ್ತದೆ. ಪಕ್ಕದಲ್ಲೇ ಹಣತೆ ತುಂಬ ಎಣ್ಣೆ, ಆದರೆ ಬಿಳಿ ಗಟ್ಟಿ, ಬತ್ತಿಗೆ ಏರುವುದಿಲ್ಲ. ಬಿಸಿ ಮಾಡಿ ಸುರಿದರೂ ಇಪ್ಪತ್ತು ನಿಮಿಷದ ಆಟ. ಮಣ್ಣು ಶಾಖ ಸಾಗಿಸುವುದಿಲ್ಲ, ಹಿತ್ತಾಳೆ ಸಾಗಿಸುತ್ತದೆ. ಕೊಬ್ಬರಿಗೂ ಹಿಪ್ಪೆಗೂ ಹಿತ್ತಾಳೆ ದೀಪ ಕೊಟ್ಟು, ಬತ್ತಿಯ ಬುಡ ಲೋಹದ ಮೂಗಿಗೆ ತಾಗಿಕೊಂಡೇ ಇರುವಂತೆ ಕೂರಿಸಿದ ಮೇಲೆ ಜ್ವಾಲೆಯ ಬಿಸಿಯೇ ಎಣ್ಣೆಯನ್ನು ಕರಗಿಸುತ್ತ ಹೋಯಿತು. ಮೊದಲ ಸಲ ಹತ್ತಿಸುವ ಮುನ್ನ ಪಾತ್ರೆಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಸಾಕು. ತೊಲೆಯ ಎರಡು ತುದಿಯಲ್ಲಿ ಹಿತ್ತಾಳೆ, ನಡುವೆ ಮೂರು ಮಣ್ಣು. ನೋಡುವವರು ಇದನ್ನು ಅಲಂಕಾರ ಎಂದುಕೊಳ್ಳುತ್ತಾರೆ, ಹಾಗೇ ಇರಲಿ.

ಬತ್ತಿ: ಹತ್ತಿಯ ನಾಲ್ಕು ಎಳೆ ಹೊಸೆದು 3 ಮಿ.ಮೀ. ದಪ್ಪ, 8 ಸೆಂ.ಮೀ. ಉದ್ದ. ತುದಿ 5 ಮಿ.ಮೀ.ಗಿಂತ ಹೆಚ್ಚು ಹೊರಗೆ ಬಂದರೆ ಹೊಗೆ. ಎಣ್ಣೆಯ ಮಟ್ಟಕ್ಕೂ ಜ್ವಾಲೆಗೂ 2–3 ಸೆಂ.ಮೀ. ದಾಟಬಾರದು. ಹಳೆಯ ಸೀಮೆಎಣ್ಣೆ ಲಾಟೀನಿಗೆ ಹೊಂಗೆ ಎಣ್ಣೆ ಹಾಕಿ ನೋಡುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಅದು ಉರಿಯುವುದಿಲ್ಲ. ಸೀಮೆಎಣ್ಣೆ ನೀರಿನಷ್ಟೇ ತೆಳು, 10–15 ಸೆಂ.ಮೀ. ಬತ್ತಿಯನ್ನೂ ಏರುತ್ತದೆ, ಬೀಜದ ಎಣ್ಣೆ ಅಷ್ಟೆತ್ತರಕ್ಕೆ ಬೇಕಾದಷ್ಟು ಬೇಗ ತಲುಪುವುದೇ ಇಲ್ಲ. ಹಣತೆ ಯಾಕೆ ಚಪ್ಪಟೆ, ಲಾಟೀನು ಯಾಕೆ ಎತ್ತರ ಎಂಬುದಕ್ಕೆ ಕಾರಣ ಇಷ್ಟೇ.

ಈ ಬತ್ತಿಗೆ ಗಂಟೆಗೆ 4ರಿಂದ 6 ಮಿ.ಲೀ. ಎಣ್ಣೆ ಹೋಗುತ್ತದೆ. ಹರಳೆಣ್ಣೆ ಎಲ್ಲಕ್ಕಿಂತ ದಪ್ಪ, ನಿಧಾನ ಏರುತ್ತದೆ, ಜ್ವಾಲೆ ಸಣ್ಣದು, ಆದರೆ ಬಹಳ ಹೊತ್ತು ನಿಲ್ಲುತ್ತದೆ. ಹೊಂಗೆ ಹೊಗೆ ಜಾಸ್ತಿ, ಕಹಿ ವಾಸನೆ ಬಟ್ಟೆಗೆ ಹಿಡಿದರೆ ಎರಡು ಒಗೆತ ಬೇಕು. ಮುಚ್ಚಿದ ಕೋಣೆಯಲ್ಲಿ ಐದೂ ದೀಪ ಹಚ್ಚಿದರೆ ಒಂದು ಗಂಟೆಯೊಳಗೆ ಕಣ್ಣು ಉರಿ ಶುರು. ಮೇಲೆ ಗವಾಕ್ಷಿ ಇರುವ ಕೋಣೆ ಆರಿಸಿ.

ಕಾಡಿಗೆ, ಮಸಿ, ಅಚ್ಚು

ಹೊಂಗೆಯ ಹೊಗೆಯನ್ನು ಬಯ್ಯುವ ಬದಲು ಹಿಡಿದಿಡುವುದು ಲಾಭ. ಕಣ್ಣುಕಪ್ಪು ಮಾಡುವ ಕ್ರಮವೇ: ಬತ್ತಿಯ ತುದಿಯಿಂದ 3–4 ಸೆಂ.ಮೀ. ಮೇಲೆ ತಾಮ್ರದ ತಟ್ಟೆ ಬೋರಲು. ಇನ್ನೂ ಹತ್ತಿರ ತಂದರೆ ಜ್ವಾಲೆ ಉಸಿರುಗಟ್ಟಿ ಎಣ್ಣೆಯ ಜಿಡ್ಡು ತಟ್ಟೆಗೆ ಹತ್ತುತ್ತದೆ, ಕಂದು ಬಣ್ಣದ ಆ ಜಿಡ್ಡು ಮಸಿಗೆ ಆಗದು. ಐದು ದೀಪ, ಮೂರು ಸಂಜೆ, ತಲಾ ಎರಡೆರಡು ಗಂಟೆ ಹಚ್ಚಿದರೆ ಸುಮಾರು 2 ಗ್ರಾಂ ಕಾಡಿಗೆ ಸಿಗುತ್ತದೆ. ಗರಿಯಿಂದ ಗುಡಿಸಿ ತೆಗೆಯಬೇಕು, ಫ್ಯಾನ್ ಆಫ್ ಮಾಡಿ. ಮಾಡದಿದ್ದರೆ ಏನಾಗುತ್ತದೆ ಎಂಬುದು ಗೋಡೆ ನೋಡಿದಾಗ ಗೊತ್ತಾಗುತ್ತದೆ.

ನೀರುಮಸಿಗೆ: 2 ಗ್ರಾಂ ಕಾಡಿಗೆ, 4 ಗ್ರಾಂ ಜಾಲಿ ಅಂಟು (ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ), 12 ಮಿ.ಲೀ. ಬಿಸಿನೀರು. ಅಂಟನ್ನು ಹಿಂದಿನ ರಾತ್ರಿಯೇ ನೆನೆಸಿ, ಮಲ್ ಬಟ್ಟೆಯಲ್ಲಿ ಸೋಸಿ. ತೊಡಕು ಇರುವುದು ಕಾಡಿಗೆಯಲ್ಲಿ, ನೀರಿಗೆ ಅದು ಸೇರುವುದೇ ಇಲ್ಲ, ಮೇಲೆ ತೇಲುತ್ತ ಬೆರಳು ಅದ್ದಿದರೂ ಒಣಗಿಯೇ ಇರುತ್ತದೆ. ಮದ್ಯಸಾರ ಕೆಲವು ಹನಿ ಬಿದ್ದರೆ ತಕ್ಷಣ ನೆನೆಯುತ್ತದೆ. ಸರ್ಜಿಕಲ್ ಸ್ಪಿರಿಟ್ ಆದೀತು, ರಮ್ ಕೂಡ ಆದೀತು. ಮನೆಯಲ್ಲಿ ಮಾಡಿದ ವೈನ್ ಆಗದು, ಅದರಲ್ಲಿ ಸಾರ ಕಡಿಮೆ, ಸಕ್ಕರೆ ಹೆಚ್ಚು, ಮಸಿ ಅಂಟಂಟಾಗಿಬಿಡುತ್ತದೆ. ಹೀಗೆ ಸಂಜೆಯ ಎಣ್ಣೆಯೂ ಕೃತಿಯೊಳಗೆ ಸೇರಿಕೊಂಡಿತು, ಬೇಕಾದದ್ದು ಬರೀ ಅರ್ಧ ಚಮಚ. ಕಲ್ಲಿನ ಮೇಲೆ ಮುಕ್ಕಾಲು ಗಂಟೆ ಅರೆಯಬೇಕು.

ಅಚ್ಚಿನ ಮಸಿಯ ಕತೆ ಬೇರೆ. ಅಲ್ಲಿ ಕಾಡಿಗೆಯನ್ನು ಹಿಡಿಯಬೇಕಾದದ್ದು ಅಗಸೆ ಎಣ್ಣೆ, ಲೆಕ್ಕ 2 ಗ್ರಾಂಗೆ 7 ಗ್ರಾಂ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್ಸೀಡ್ ನೇರ ಹಾಕಿದರೆ ಅಚ್ಚು ಒತ್ತಿದ ಮರುದಿನ ಪ್ರತಿ ಗೆರೆಯ ಸುತ್ತ ಹಳದಿ ಎಣ್ಣೆಯ ಬಳೆ ಕಾಣಿಸುತ್ತದೆ. ಎಣ್ಣೆ ತೆಳುವಾಗಿರುವುದರಿಂದ ಕಾಡಿಗೆಯನ್ನು ಬಿಟ್ಟು ಕಾಗದದೊಳಗೆ ಓಡುತ್ತದೆ. ದಪ್ಪ ಮಾಡಲು 300 ಡಿಗ್ರಿಗೆ ಕಾಯಿಸುವ ಹಳೆಯ ಕ್ರಮ ಮನೆಯ ಒಲೆಗೆ ಹೇಳಿದ್ದಲ್ಲ. ಹೊಗೆ ಎದ್ದ ಮೇಲೆ ಬೆಂಕಿ ಹತ್ತಲು ತಡವಿಲ್ಲ. ಅಗಲ ತಟ್ಟೆಯಲ್ಲಿ 1 ಸೆಂ.ಮೀ. ಆಳಕ್ಕೆ ಸುರಿದು, ಮೇಲೆ ಸೊಳ್ಳೆಪರದೆ ಕಟ್ಟಿ, ಕಾಫಿ ಒಣಗಿಸುವ ಕಣದ ಬಿಸಿಲಲ್ಲಿ ಮೂರರಿಂದ ನಾಲ್ಕು ವಾರ ಇಡಿ. ದಿನಕ್ಕೊಮ್ಮೆ ಕಡ್ಡಿಯಿಂದ ಕದಡಿ, ಕೆನೆಗಟ್ಟಿದರೆ ತೆಗೆದುಹಾಕಿ, ಸಂಜೆ ಇಬ್ಬನಿಗೆ ಮುಂಚೆ ಒಳಗೆ. ಜೇನಿನ ಹದಕ್ಕೆ ಬಂದಾಗ ಸಾಕು.

ಕಾಡಿಗೆ ತಾನೇ ಎಣ್ಣೆ ಒಣಗುವುದನ್ನು ತಡ ಮಾಡುತ್ತದೆ. ಕಪ್ಪು ಅಚ್ಚು ಹತ್ತು ದಿನವಾದರೂ ಬೆರಳಿಗೆ ಹತ್ತುವುದು ಇದರಿಂದ. ಬರ್ನ್ಟ್ ಅಂಬರ್ (ಸುಟ್ಟ ಕಂದು ಮಣ್ಣಿನ ಬಣ್ಣ) ಪುಡಿ ಕಾಡಿಗೆಯ ಹತ್ತನೇ ಒಂದು ಪಾಲು ಸೇರಿಸಿದರೆ ಅದರಲ್ಲಿರುವ ಮ್ಯಾಂಗನೀಸ್ ಒಣಗುವಿಕೆಗೆ ಚುರುಕು ಕೊಡುತ್ತದೆ, ಕಪ್ಪಿಗೂ ಸ್ವಲ್ಪ ಬೆಚ್ಚನೆ ಬಣ್ಣ. ಬ್ಲಾಕು, ರೋಲರು ತೊಳೆಯಲು ಟರ್ಪೆಂಟೈನ್ ಬದಲು ಕಿತ್ತಳೆ ಸಿಪ್ಪೆಯ ಎಣ್ಣೆ ಬಳಸಬಹುದು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಎಣ್ಣೆಯ ಚೀಲಗಳು ಕಣ್ಣಿಗೇ ಕಾಣುತ್ತವೆ. ಆದರೆ ಸಿಪ್ಪೆ ಹಿಂಡಿ ಸ್ಪಂಜಿನಲ್ಲಿ ಹೀರಿಸಿದರೆ ಒಂದು ಬುಟ್ಟಿ ಹಣ್ಣಿಗೆ ಸಿಗುವುದು ಕೆಲವು ಮಿ.ಲೀ. ಮಾತ್ರ. ಹೆಚ್ಚುಪಾಲು ಲಿಮೊನೀನ್ ಇರುವ ಈ ಎಣ್ಣೆ ಸುಮಾರು 50 ಡಿಗ್ರಿಗೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ದೀಪದ ತೊಲೆಯ ಹತ್ತಿರ ಅದರ ಬಾಟಲಿ ಬೇಡ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಯಾರೂ ಕಡ್ಡಿ ಗೀರದೆಯೇ ಅದು ಹತ್ತಿಕೊಳ್ಳಬಹುದು. ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲು ದಾರಿಯಿಲ್ಲ. ಗೋಣಿಚೀಲ, ಕಾಫಿ ಹೊಟ್ಟು, ಒಣ ಕಟ್ಟಿಗೆ ತುಂಬಿದ ಶೆಡ್ಡಿನಲ್ಲಿ ಇದು ಆಟದ ಮಾತಲ್ಲ. ಬಟ್ಟೆಯನ್ನು ಬೇಲಿಯ ಮೇಲೆ ಒಂದೊಂದಾಗಿ ಹರಡಿ ಕಡಕ್ ಆಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿ. ಕೊಬ್ಬರಿ ಎಣ್ಣೆ ಒರೆಸಿದ ಬಟ್ಟೆಗೆ ಈ ಭಯ ಇಲ್ಲ ಎನ್ನುವಷ್ಟು ಕಡಿಮೆ.

ಕರಿಗನ್ನಡಿ

ಮೂರನೆಯ ಕೃತಿಗೇ ಹೆಚ್ಚು ದಿನ ಹಿಡಿದದ್ದು. ರೈಲು ಹಳಿಯೇ ಇಲ್ಲದ ಜಿಲ್ಲೆ ಇದು. ಅಕ್ಕಿ ಮೂಟೆ ಒಳಗೆ ಬರುವುದೂ, ಕಾಫಿ ಮೂಟೆ ಹೊರಗೆ ಹೋಗುವುದೂ ಡೀಸೆಲ್ ಮೇಲೆಯೇ. ಆ ಓಡಾಟದಲ್ಲಿ ಕರಿಯಾದ ಎಂಜಿನ್ ಆಯಿಲನ್ನು ಒಂದು ತಟ್ಟೆಯಲ್ಲಿ ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ. ಬಳಸಿದ ಎಂಜಿನ್ ಆಯಿಲಿನಿಂದ ಇಡೀ ಕೋಣೆಯನ್ನೇ ಸೊಂಟದೆತ್ತರಕ್ಕೆ ತುಂಬಿಸಿದ ರಿಚರ್ಡ್ ವಿಲ್ಸನ್ ಅವರ 1987ರ ಕೃತಿ ‘20:50’ ಈ ದಾರಿಯಲ್ಲಿ ಹೆಸರುವಾಸಿ. ಇಲ್ಲಿರುವುದು ಅದರ ಮುಂದೆ ಒಂದು ಬೋಗುಣಿಯಷ್ಟು. ಕನ್ನಡಿಯ ಮೇಲೆ ಬುಡಮೇಲಾಗಿ ತೂಗುವುದು ಕಿತ್ತುಹಾಕಿದ ಒಂದು ಅರೇಬಿಕಾ ಗಿಡ, ಬೇರು ಮೇಲೆ, ಕೊಂಬೆ ಕೆಳಗೆ. ಎಣ್ಣೆಯೊಳಗೆ ನೋಡಿದಾಗ ಮಾತ್ರ ಅದು ನೆಟ್ಟಗೆ ನಿಲ್ಲುತ್ತದೆ.

ತಟ್ಟೆ: 22 ಗೇಜಿನ ಜಿಐ (ಸತು ಲೇಪಿಸಿದ) ತಗಡು, 90 × 60 ಸೆಂ.ಮೀ., ಅಂಚು 4 ಸೆಂ.ಮೀ. ಮೂಲೆ ಕತ್ತರಿಸದೆ ಮಡಿಸಿ ಬೆಸುಗೆ ಹಾಕಿಸಿ, ಹೊರಗಿನಿಂದ ಎಂ-ಸೀಲ್. ಸೋರುತ್ತದೆಯೇ ಎಂದು ನೀರು ತುಂಬಿ ನೋಡಬೇಡಿ. ಮಡಿಕೆಯಲ್ಲಿ ಉಳಿದ ನೀರು ಆಮೇಲೆ ಎಣ್ಣೆಯ ಅಡಿಗೆ ಇಳಿದು ಕಾಟ ಕೊಡುತ್ತದೆ. ಅಲ್ಲದೆ ನೀರು ನಿಂತ ಸಂದಿನಲ್ಲೂ ಎಣ್ಣೆ ನುಸುಳಬಲ್ಲದು. ಬೆಸುಗೆಯವರ ಹಳೆಯ ಉಪಾಯ: ಹೊರಗೆ ಮೂಲೆಗಳಿಗೆ ತೆಳು ಸುಣ್ಣ ಬಳಿದು ಒಣಗಿಸಿ, ಒಳಗೆ ಸೀಮೆಎಣ್ಣೆ ಅಥವಾ ಡೀಸೆಲ್ ಒಂದು ಲೋಟ ಸುರಿದು ಅರ್ಧ ಗಂಟೆ ಬಿಡಿ. ಸೂಜಿಮೊನೆಯಷ್ಟು ತೂತಿದ್ದರೂ ಬಿಳಿ ಸುಣ್ಣದ ಮೇಲೆ ಕಲೆ ಮೂಡುತ್ತದೆ.

ಎಣ್ಣೆಯ ಪ್ರಮಾಣ: ತಳಕ್ಕೆ ಮ್ಯಾಟ್ ಕಪ್ಪು ಪೇಂಟ್ ಹೊಡೆದರೆ 4 ಮಿ.ಮೀ. ಆಳ ಸಾಕು, ಅಂದರೆ 2.2 ಲೀಟರ್ ಎಂದು ಮೊದಲ ಲೆಕ್ಕ. ಸುರಿದಾಗ ತಟ್ಟೆಯ ನಡುವೆ ಎರಡು ದ್ವೀಪ ಎದ್ದವು. ತಗಡು ಎಷ್ಟೇ ನೋಡಿ ತಂದರೂ ಅಲ್ಲಲ್ಲಿ ಉಬ್ಬಿರುತ್ತದೆ, ಕೈಯಲ್ಲಿ ಒತ್ತಿದರೆ ಟಪ್ ಎಂದು ಇನ್ನೊಂದು ಕಡೆ ಏಳುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಮೇಲೆ ತಟ್ಟೆಯ ತಳವನ್ನು ಅಂಟಿಸಿ, ರಾತ್ರಿಯಿಡೀ ಇಟ್ಟಿಗೆ ಹೇರಿ, ಆಳವನ್ನು 7 ಮಿ.ಮೀ.ಗೆ ಏರಿಸಿದ ಮೇಲೆ ದ್ವೀಪ ಮುಳುಗಿದವು. ಬೇಕಾದ ಎಣ್ಣೆ 3.8 ಲೀಟರ್.

ಸಂಗ್ರಹಿಸುವುದು ಅದಕ್ಕಿಂತ ಹೆಚ್ಚಿರಲಿ, 6 ಲೀಟರ್. ಡೀಸೆಲ್ ಗಾಡಿಯದ್ದೇ ಇರಲಿ, ಅದರಲ್ಲಿ ಮಸಿ ಹೆಚ್ಚು. ಪೆಟ್ರೋಲ್ ಗಾಡಿಯದ್ದು ಕಂದು, ತಳ ಕಾಣಿಸುತ್ತದೆ. ಕ್ಯಾನಿನಲ್ಲಿ ಒಂದು ವಾರ ಅಲುಗಾಡಿಸದೆ ಇಟ್ಟು ಮೇಲಿನ ಮುಕ್ಕಾಲು ಪಾಲನ್ನು ಟ್ಯೂಬಿನಿಂದ ಇಳಿಸಿ. ಬಾಯಿಂದ ಎಳೆಯುವ ಮಾತೇ ಬೇಡ, ಕೈಪಂಪು ಬಳಸಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಅದರೊಳಗೆ ನೀರು ಸೇರಿದೆ ಎಂದರ್ಥ, ಅದನ್ನು ಬಿಟ್ಟುಬಿಡಿ. ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ಸುಟ್ಟ ಇಂಧನದ ವಿಷಕಾರಿ ಅಂಶಗಳೂ ಲೋಹದ ಪುಡಿಯೂ ಅದರಲ್ಲಿರುತ್ತವೆ. ನೈಟ್ರೈಲ್ ಕೈಗವಸೇ ಬೇಕು. ಅಡುಗೆಮನೆಯ ರಬ್ಬರ್ ಗವಸು ಎಣ್ಣೆಗೆ ಊದಿಕೊಂಡು ಹರಿಯುತ್ತದೆ.

ಮಟ್ಟ ಹಿಡಿಯುವುದೇ ಈ ಕೃತಿಯ ಅರ್ಧ ಕೆಲಸ. ಒಂದೇ ಒಂದು ಡಿಗ್ರಿ ವಾಲಿದರೆ 90 ಸೆಂ.ಮೀ. ಉದ್ದಕ್ಕೆ ಒಂದು ತುದಿ ಸುಮಾರು 16 ಮಿ.ಮೀ. ಏರುತ್ತದೆ. 7 ಮಿ.ಮೀ. ಎಣ್ಣೆಗೆ ಅಷ್ಟೇ ಸಾಕು, ಒಂದು ತುದಿ ಬರಿದು. ಹಳೆಯ ಕಟ್ಟಡಗಳ ರೆಡ್ ಆಕ್ಸೈಡ್ ನೆಲ ತೊಳೆದ ನೀರು ಹರಿಯಲೆಂದು ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮೇಜಿನ ನಾಲ್ಕು ಕಾಲಿಗೆ ಎಂ10 ಬೋಲ್ಟು, ಎರಡೆರಡು ನಟ್ಟು ಹಾಕಿ ತಿರುಗಿಸಿ ಏರಿಳಿಸುವ ಪಾದ ಮಾಡಬೇಕು. ಒಂದು ಅಡಿಯ ಸ್ಪಿರಿಟ್ ಲೆವೆಲ್ ಇಷ್ಟು ಸೂಕ್ಷ್ಮ ಹಿಡಿಯುವುದಿಲ್ಲ. ಗಾರೆಯವರ ನೀರಿನ ಟ್ಯೂಬು ಹಿಡಿಯುತ್ತದೆ. ಅದಕ್ಕೂ ಮಿಗಿಲಾದದ್ದು ಎಣ್ಣೆಯೇ: ಅರ್ಧ ಲೀಟರ್ ಸುರಿದು ಯಾವ ಕಡೆ ಓಡುತ್ತದೆ ನೋಡಿ, ಆ ಕಡೆಯ ಬೋಲ್ಟು ಕಾಲು ಸುತ್ತು ಏರಿಸಿ, ಎಣ್ಣೆ ದಪ್ಪವಾದ್ದರಿಂದ ಐದು ನಿಮಿಷ ಕಾಯಿರಿ, ಮತ್ತೆ ನೋಡಿ. ಅವಸರ ಮಾಡಿದಷ್ಟೂ ತಡ. ಮರದ ಅಟ್ಟದ ಮೇಲೆ ಇಡಬೇಡಿ, ಒಬ್ಬರು ನಡೆದರೂ ಕನ್ನಡಿ ನಡುಗುತ್ತದೆ.

ಮೇಜಿನ ಮರಕ್ಕೆ ಗೇರು ಎಣ್ಣೆ ಬಳಿಯಲಾಗಿದೆ. ಗೇರುಬೀಜದ ಸಿಪ್ಪೆಯಿಂದ ಬರುವ ಈ ಕಪ್ಪು ಎಣ್ಣೆ ಗೆದ್ದಲಿಗೆ ಆಗದು. ಕರಾವಳಿಯವರು ಮಾಡಿನ ಪಕ್ಕಾಸಿಗೆ ಬಳಿಯುವುದು ಇದನ್ನೇ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಗವಸಿನ ಜತೆ ಉದ್ದ ತೋಳಿನ ಅಂಗಿಯೂ ಇರಲಿ. ಬೇಲಿಗೂಟಕ್ಕೆ ಸುಟ್ಟೆಣ್ಣೆ ಬಳಿಯುವ ರೂಢಿಗೆ ಇದು ಒಳ್ಳೆಯ ಬದಲಿ. ಸುಟ್ಟೆಣ್ಣೆ ಒಣಗುವುದಿಲ್ಲ, ಮೊದಲ ಮಳೆಗೇ ಗೂಟದ ಬುಡದಿಂದ ಮಣ್ಣಿಗೆ ಇಳಿಯುತ್ತದೆ, ಇಲ್ಲಿನ ತೋಡುಗಳಲ್ಲಿ ಬಹುಪಾಲು ಸೇರುವುದು ಕಾವೇರಿಗೆ.

ಗಿಡದ ವಿಷಯ. ಬಿಳಿ ಕಾಂಡಕೊರಕ ಹಿಡಿದು ಕಿತ್ತ ಗಿಡಗಳು ಅರೇಬಿಕಾ ತೋಟಗಳಲ್ಲಿ ಸಿಗುತ್ತವೆ, ಆದರೆ ಹಾಗೇ ತಂದು ಕೋಣೆಯಲ್ಲಿ ತೂಗಿದರೆ ದುಂಬಿ ಹೊರಬಂದು ಪಕ್ಕದ ತೋಟಕ್ಕೆ ಹಾರುತ್ತದೆ. ತೊಗಟೆ ಪೂರ್ತಿ ಹೆರೆದು, ಕಾಂಡವನ್ನು 10 ದಿನ ನೀರಿನಲ್ಲಿ ಮುಳುಗಿಸಿ, ಒಂದು ತಿಂಗಳು ನೆರಳಲ್ಲಿ ಒಣಗಿಸಿ. ಒಣಗಿದ ಮೇಲೂ ಹುಳು ಕೊರೆದ ಸುರಂಗದೊಳಗಿನ ಹಿಟ್ಟು ಉದುರುತ್ತಲೇ ಇರುತ್ತದೆ, ಕನ್ನಡಿಯ ಮೇಲೆ ಮೊದಲು ಕಂಡ ಧೂಳು ಅದೇ. ಸೈಕಲ್ ಪಂಪಿನಿಂದ ಪ್ರತಿ ತೂತಿಗೂ ಗಾಳಿ ಊದಿ, ಆಮೇಲೆ ಅಗಸೆ ಎಣ್ಣೆ ಎರಡು ಕೋಟು. ಹಚ್ಚಿ ಇಪ್ಪತ್ತು ನಿಮಿಷಕ್ಕೆ ಮೇಲೆ ಉಳಿದದ್ದನ್ನೆಲ್ಲ ಒರೆಸಲೇಬೇಕು. ಒರೆಸದೆ ಬಿಟ್ಟ ಎಣ್ಣೆ ಮೇಲೆ ಮಾತ್ರ ಕೆನೆಗಟ್ಟಿ ಒಳಗೆ ಅಂಟಾಗಿಯೇ ಉಳಿಯುತ್ತದೆ. ಫೆಬ್ರವರಿಯಲ್ಲಿ ಎರಡು ಕೋಟುಗಳ ನಡುವೆ ಎರಡು ದಿನ ಸಾಕಾಯಿತು, ಮೋಡ ಕವಿದ ವಾರ ಐದು ದಿನ.

ದಿನದ ಧೂಳಿಗೆ: ಹಳೆಯ ಪತ್ರಿಕೆಯನ್ನು 60 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಎಣ್ಣೆಯ ಮೇಲ್ಮೈಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ತಾಗಿಸುತ್ತ ಎಳೆದರೆ ಧೂಳೆಲ್ಲ ಅದಕ್ಕೆ ಬರುತ್ತದೆ. ಮಾರ್ಚ್–ಏಪ್ರಿಲ್ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತುತ್ತವೆ. ಆ ಎರಡು ಮೂರು ಸಂಜೆ ಕನ್ನಡಿಗೆ ಮುಚ್ಚಳ ಹಾಕಿ ಕೋಣೆಯ ಲೈಟ್ ಆರಿಸಿಬಿಡುವುದು ಬಿಟ್ಟು ಬೇರೆ ದಾರಿ ಇಲ್ಲ. ಮಕ್ಕಳು ಬೆರಳು ಅದ್ದದೆ ಇರುವುದಿಲ್ಲ, ಸುತ್ತ ಮುಕ್ಕಾಲು ಮೀಟರ್ ದೂರದಲ್ಲಿ ಹಗ್ಗ ಕಟ್ಟಿ. ಪಕ್ಕದಲ್ಲಿ ಒಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲಲಿ.

ಹಿಂದೆ ಬೆಳಕಿದ್ದರೆ ಕಾಣುವ ಚಿತ್ರ

ಬಜ್ಜಿ ಕಟ್ಟಿಕೊಟ್ಟ ಪೇಪರನ್ನು ಬೆಳಕಿಗೆ ಹಿಡಿದವರಿಗೆಲ್ಲ ಇದು ಗೊತ್ತು. ಕಾಗದದ ನಾರುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಕಾಗದ ಬೆಳ್ಳಗೆ ಕಾಣುತ್ತದೆ. ಎಣ್ಣೆ ಆ ಗಾಳಿಯ ಜಾಗ ತುಂಬಿದರೆ, ನಾರಿಗೂ ಎಣ್ಣೆಗೂ ಬೆಳಕನ್ನು ಬಾಗಿಸುವ ಗುಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆಳಕು ಹಾದುಹೋಗುತ್ತದೆ. ಹದಿನಾರು ಜನ, ಹದಿನಾರು ಎ4 ಹಾಳೆ, ಒಬ್ಬೊಬ್ಬರು ತಮಗೆ ಬೇಕಾದ ಎಣ್ಣೆಯಲ್ಲಿ ಕಡ್ಡಿಯಿಂದ ಬರೆಯುವುದು. ಹಗಲಲ್ಲಿ ಬರೀ ಮಾಸಲು ಹಾಳೆ, ಹಿಂದೆ ಲೈಟ್ ಹಾಕಿದಾಗ ಚಿತ್ರ.

ನ್ಯೂಸ್‌ಪ್ರಿಂಟಿನಲ್ಲಿ ಎಣ್ಣೆ ಕ್ಷಣದಲ್ಲಿ ಹರಡುತ್ತದೆ, ಜೆರಾಕ್ಸ್ ಕಾಗದದಲ್ಲಿ ನಿಧಾನ. ಆದರೂ 2 ಮಿ.ಮೀ. ಗೆರೆ ಮರುದಿನಕ್ಕೆ 8 ಮಿ.ಮೀ. ಆಗಿರುತ್ತದೆ, ಮೂಗು ಕಿವಿ ಎಲ್ಲ ಒಂದಾಗುತ್ತದೆ. ಪರಿಹಾರ ಮತ್ತೆ ಗಂಜಿಯೇ. ಗಟ್ಟಿ ಅಕ್ಕಿಗಂಜಿಯ ತಿಳಿಯಲ್ಲಿ ಮೊದಲು ಅಂಚಿನ ಗೆರೆಗಳನ್ನು ಹಾಳೆಯ ಎರಡೂ ಬದಿಗೆ ಎಳೆದು ಒಣಗಿಸಿ, ಒಳಗೆ ಎಣ್ಣೆ ತುಂಬಿದರೆ ಗಂಜಿ ಒಡ್ಡಿನಂತೆ ತಡೆಯುತ್ತದೆ. ಒಂದೇ ಬದಿಗೆ ಎಳೆದರೆ ಎಣ್ಣೆ ಹಿಂದಿನಿಂದ ದಾಟುತ್ತದೆ.

ಒಣಗುವ–ಒಣಗದ ಪ್ರಶ್ನೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಇಲ್ಲೇ. ಅಗಸೆಯ ಹಾಳೆಗಳು ಒಂದು ವಾರದಲ್ಲಿ ನಿಂತಲ್ಲೇ ನಿಂತವು, ಬಣ್ಣ ಜೇನಿನಂತಾಯಿತು. ಕೊಬ್ಬರಿ ಎಣ್ಣೆಯ ಹಾಳೆ ಬೆಳಗಿನ ಚಳಿಗೆ ಹೆಪ್ಪುಗಟ್ಟಿ ಮಬ್ಬು, ಮಧ್ಯಾಹ್ನ ಮತ್ತೆ ತಿಳಿ, ಪ್ರತಿ ಬಿಸಿಲಿಗೂ ಒಂದಿಷ್ಟು ಮುಂದೆ ಹರಿಯುತ್ತ ಇಪ್ಪತ್ತು ದಿನಕ್ಕೆ ಗಂಜಿಯ ಒಡ್ಡನ್ನೂ ದಾಟಿತು. ಹೊಸ ಟೂ-ಟಿ ಆಯಿಲಿನ ಬಣ್ಣ ಚೆನ್ನ, ಆದರೆ ಅದು ಮುಟ್ಟಿದ್ದನ್ನೆಲ್ಲ ಹಿಡಿಯುತ್ತದೆ. ಹಾಳೆಗಳು ಒಂದಕ್ಕೊಂದು ತಾಗದಂತೆ ಸಿಲ್ವರ್ ಓಕ್ ಪಟ್ಟಿಗಳಿಂದ 4 × 4 ಮನೆ ಮಾಡಿ, ನಡುವೆ 5 ಮಿ.ಮೀ. ಖಾಲಿ ಬಿಡುವುದು ಇದಕ್ಕೇ. ಹಿಂದೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಐದು ಮೀಟರ್, ಹಾಳೆಗೂ ಎಲ್‌ಇಡಿಗೂ 8 ಸೆಂ.ಮೀ. ಅಂತರ. ಹತ್ತಿರ ತಂದರೆ ಚಿತ್ರದ ಬದಲು ಚುಕ್ಕಿಗಳು ಕಾಣುತ್ತವೆ. ದೀಪದ ಜ್ವಾಲೆ ಹಿಂದಿಟ್ಟರೆ ಚಂದ ಕಾಣುತ್ತದೆ ನಿಜ, ಎಣ್ಣೆ ಕುಡಿದ ಕಾಗದ ಬತ್ತಿಯೇ ಆಗಿರುತ್ತದೆ ಎಂಬುದೂ ಅಷ್ಟೇ ನಿಜ.

ಎಣ್ಣೆ-ಸೀಗೆಕಾಯಿ

ಆಗದವರಿಬ್ಬರ ಸಂಬಂಧಕ್ಕೆ ಬಳಸುವ ಮಾತು. ಸೀಸೆಯೊಳಗೆ ನಡೆಯುವುದು ಬೇರೆ. ಸೀಗೆಯಲ್ಲಿ ನೊರೆ ಬರಿಸುವ ಸಪೋನಿನ್ ಎಣ್ಣೆಯನ್ನು ಹಿಡಿದು ನೀರಿಗೆ ಬೆರೆಸುತ್ತದೆ, ತಲೆಯ ಜಿಡ್ಡು ಹೋಗುವುದೇ ಹಾಗೆ. ಒಂದು ಲೀಟರಿನ ಗಾಜಿನ ಸೀಸೆ, 300 ಮಿ.ಲೀ. ಎಳ್ಳೆಣ್ಣೆ, 300 ಮಿ.ಲೀ. ಸೀಗೆನೀರು. ಹಳೆಯ ಸೈಕಲ್ಲಿನ ಮುಂದಿನ ಚಕ್ರದ ನಡುಗುಂಬವನ್ನು (ಹಬ್) ಚೌಕಟ್ಟಿಗೆ ಬಿಗಿದು ಸೀಸೆಯನ್ನು ಅದಕ್ಕೆ ಕಟ್ಟಿದರೆ ಬಂದವರು ಕೈಯಿಂದ ತಿರುಗಿಸಬಹುದು. ತಿರುಗಿಸಿದಾಗ ಹಾಲು, ಬಿಟ್ಟಾಗ ಮೆಲ್ಲಗೆ ಬೇರೆ ಬೇರೆ.

50 ಗ್ರಾಂ ಕಾಯಿ ರಾತ್ರಿ ನೆನೆಸಿ, ಒಂದು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಎರಡು ಸಲ ಸೋಸಿದ ಕಷಾಯವನ್ನು ಹಾಗೇ ಹಾಕಿದರೆ ಹಾಲು ಮರುದಿನವೂ ಒಡೆಯುವುದಿಲ್ಲ, ನೋಡಲು ಏನೂ ಉಳಿಯುವುದಿಲ್ಲ. ಒಂದಕ್ಕೆ ನಾಲ್ಕು ಪಾಲು ನೀರು ಬೆರೆಸಿ, ಇನ್ನೂ ತಡವಾದರೆ ಮತ್ತಷ್ಟು ತೆಳು ಮಾಡಿ. ಮೂರನೇ ದಿನಕ್ಕೆ ಹುಳಿ ಬಂದು ಗ್ಯಾಸ್ ಹಿಡಿದು ಬಿರಡೆ ಹಾರುತ್ತದೆ. ಸ್ಕ್ವಾಷ್ ಮಾಡುವವರು ಬಳಸುವ ಸೋಡಿಯಂ ಬೆಂಜೊಯೇಟ್ ಲೀಟರಿಗೆ 1 ಗ್ರಾಂ ಹಾಕಿದರೆ, ಸೀಗೆನೀರು ಹುಳಿ ಗುಣದ್ದೇ ಆದ್ದರಿಂದ, ಎರಡು ವಾರ ತಡೆಯುತ್ತದೆ.

ಬಿಚ್ಚುವಾಗ

ಕರಿಗನ್ನಡಿಯ ಎಣ್ಣೆಯನ್ನು ಚರಂಡಿಗಾಗಲಿ ಹೊಂಡಕ್ಕಾಗಲಿ ಸುರಿಯುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಹೋಗಬೇಕಾದದ್ದು ಅನುಮತಿ ಇರುವ ಮರುಬಳಕೆದಾರರಿಗೆ. ಕೊಟ್ಟ ಗ್ಯಾರೇಜಿನವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ತರುವ ದಿನವೇ ಕೇಳಿ ಇಟ್ಟುಕೊಳ್ಳಿ. ತಟ್ಟೆಯನ್ನು ಇಬ್ಬರು ಎತ್ತಿ ಸುರಿಯಲು ಹೋಗಬೇಡಿ, ಎಣ್ಣೆ ಒಂದು ಕಡೆಗೆ ಓಡಿಬಂದರೆ 4 ಸೆಂ.ಮೀ. ಅಂಚು ಸಾಲದು. ಕೈಪಂಪಿನಿಂದ ಕ್ಯಾನಿಗೆ ಇಳಿಸಿ, ಉಳಿದದ್ದಕ್ಕೆ ಮರದ ಹೊಟ್ಟು ಚೆಲ್ಲಿ ಗುಡಿಸಿ. ಆ ಹೊಟ್ಟೂ, ಗವಸೂ, ಧೂಳು ಎಳೆದ ಪತ್ರಿಕೆಯೂ ಒಂದೇ ಡಬ್ಬಕ್ಕೆ, ಕ್ಯಾನಿನ ಜತೆಗೇ ಹೋಗಲಿ. ಹಣತೆಗಳಲ್ಲಿ ಉಳಿದ ಎಣ್ಣೆಯನ್ನು ಸೋಸಿ ಒಟ್ಟಿಗೆ ಒಂದು ಸೀಸೆಗೆ ಹಾಕಿದರೆ ಮುಂದಿನ ಸಲ ಕಾಡಿಗೆ ಹಿಡಿಯಲು ಆಯಿತು, ಅಡುಗೆಮನೆಗೆ ಮಾತ್ರ ಬೇಡ. ಅದರಲ್ಲಿ ಹೊಂಗೆ ಇದೆ.